ಅಜ್ಜಿಯ ಊಟ ಆಯಿತೇ?

ನನ್ನ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಮೂಳೆಗೂ ಹರಡಿದೆ. ಗಂಡಸರ ಮೂತ್ರಕೋಶದ ಕೆಳಗಿರುವ ಪುಟ್ಟ ಗ್ರಂಥಿ ಅದು. ಪೂರ್ತಿ ವಾಸಿಯಾಗುವುದಿಲ್ಲ, ಆದರೆ ಹತೋಟಿಯಲ್ಲಿಡಬಹುದು ಎಂದರು ಡಾಕ್ಟರು. ದಿನವೂ ಮಾತ್ರೆ, 3 ತಿಂಗಳಿಗೊಂದು ಹಾರ್ಮೋನ್ ಇಂಜೆಕ್ಷನ್, ಆಗಾಗ ಪಿಎಸ್‌ಎ ಎಂಬ ರಕ್ತಪರೀಕ್ಷೆ.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು ನಾನು. ಈ ಲೆಕ್ಕವೆಲ್ಲ ನನ್ನಾಕೆಯದು. ಇಂಜೆಕ್ಷನ್ ದಿನಕ್ಕೆ ಕ್ಯಾಲೆಂಡರಿನಲ್ಲಿ ಕೆಂಪು ಗುರುತು, ರಿಪೋರ್ಟಿನ ಅಂಕಿಗಳಿಗೆ ಒಂದು ನೋಟ್‌ಬುಕ್.

ಇಂಜೆಕ್ಷನ್ನಿನಿಂದ ಗಂಡಸಿನ ಹಾರ್ಮೋನು ತಗ್ಗುತ್ತದೆ. ಅದಕ್ಕೇ ನಡುರಾತ್ರಿ ಇದ್ದಕ್ಕಿದ್ದಂತೆ ಮೈ ಕಾದು ಬೆವರುತ್ತದೆ. ಮೊದಲ ಸಲ ನಾನು ಗಾಬರಿಯಾದಾಗ ಅವಳು ಫ್ಯಾನ್ ಜೋರು ಮಾಡಿ, "ಹೆದರಬೇಡಿ, ಐವತ್ತರ ವಯಸ್ಸಿನಲ್ಲಿ ನನಗೂ ಹೀಗೇ ಆಗ್ತಿತ್ತು" ಎಂದಳು. ಮೂಳೆ ಸವೆಯಬಾರದೆಂದು ಸಂಜೆ ಮಂಡಿನೋವಿನಲ್ಲೂ ನನ್ನ ಜೊತೆ ನಡೆಯುತ್ತಾಳೆ.

ಕಳೆದ ಸಲ ಪಿಎಸ್‌ಎ ಅಂಕಿ ಏರಿತ್ತು. ಮಾತಿಲ್ಲದೆ ಬರೆದುಕೊಂಡಳು. ರಾತ್ರಿ ನನಗೆ ಬಡಿಸಿ ಪಾತ್ರೆ ತೊಳೆಯಲು ನಿಂತಳು. ಆರನೇ ಕ್ಲಾಸಿನ ಮೊಮ್ಮಗಳು ಅದನ್ನು ಗಮನಿಸಿದಳು.

"ಅಜ್ಜಿ, ನಿನ್ನ ಊಟ ಆಯ್ತಾ?"

ಅವಳೇ ತಟ್ಟೆಗೆ ಅನ್ನ, ಸಾರು ಹಾಕಿ, ಅಜ್ಜಿ ಉಣ್ಣುವವರೆಗೂ ಪಕ್ಕದಲ್ಲಿ ಕೂತಳು.

ಮಕ್ಕಳೇ, ಕಾಯಿಲೆಯವರನ್ನು ಬಂದವರೆಲ್ಲ ವಿಚಾರಿಸುತ್ತಾರೆ. ಅವರನ್ನು ನೋಡಿಕೊಳ್ಳುವವರನ್ನು ನೀವು ವಿಚಾರಿಸಿ.