ಹೊಗೆಯ ಜ್ವರ

ಅಮರಾವತಿ ನದಿಯ ದಡದಲ್ಲಿದ್ದರೂ ಧಾರಾಪುರಂ ಮಳೆನೆರಳಿನ ಸೀಮೆ. ನದಿಗೆ ದೂರವಾದ ನಮ್ಮ ನೆಂಟರ ಹೊಲಕ್ಕೆ ಬಾವಿಯೇ ಗತಿ, ಕರೆಂಟು ಕೈಕೊಟ್ಟರೆ ಹಳೇ ಡೀಸೆಲ್ ಇಂಜಿನ್ನೇ ದಿಕ್ಕು. ಕಳೆದ ಬೇಸಿಗೆಯಲ್ಲಿ ಸಣ್ಣ ಈರುಳ್ಳಿ ಗೆಡ್ಡೆ ಕಟ್ಟುವ ಹೊತ್ತಿಗೆ ಸರಿಯಾಗಿ ಅದು ಕರಿಹೊಗೆ ಉಗುಳತೊಡಗಿತು!

ತಾಳವಾಡಿ ಕಡೆ ನಮ್ಮ ಹತ್ತಿರ ಕನ್ನಡದಲ್ಲೇ ಓದಿದ ಹುಡುಗನೊಬ್ಬ ಹಡಗಿನ ಇಂಜಿನ್ ಕೋಣೆಯಲ್ಲಿದ್ದಾನೆ. ರಜೆಗೆ ಬಂದಿದ್ದ, ಕರೆದುಕೊಂಡು ಹೋದೆವು. ಹಡಗಿನಲ್ಲಿ ಪ್ರತಿ ಸಿಲಿಂಡರಿನ ಹೊಗೆಬಾಯಿಗೂ ಒಂದು ಥರ್ಮೋಕಪಲ್ ಇರುತ್ತದಂತೆ. ಎರಡು ಬೇರೆ ಲೋಹಗಳ ಬೆಸುಗೆ ಕಾದರೆ ವಿದ್ಯುತ್ ಹುಟ್ಟುತ್ತದೆ, 1821ರಲ್ಲಿ ಸೀಬೆಕ್ ಕಂಡದ್ದು ಇದನ್ನೇ. ಎಲ್ಲವೂ 350 ಡಿಗ್ರಿ ಆಸುಪಾಸು ಇದ್ದು ಒಂದು ಮಾತ್ರ 400 ದಾಟಿದರೆ ಅದರ ಇಂಜೆಕ್ಟರ್ ಸೋರುತ್ತಿರಬಹುದು, ಇಲ್ಲವೇ ಎಕ್ಸಾಸ್ಟ್ ವಾಲ್ವ್ ಸುಡುತ್ತಿರಬಹುದು. ಎಲ್ಲವೂ ಒಟ್ಟಿಗೆ ಏರಿದರೆ? ಟರ್ಬೋಚಾರ್ಜರಿನಲ್ಲಿ ಮಸಿ ಕಟ್ಟಿ ಗಾಳಿ ಸಾಲದಾಗಿದೆ, ಅಥವಾ ಹಡಗಿನ ತಳಕ್ಕೆ ಚಿಪ್ಪುಹುಳು ಅಂಟಿ ಹೊರೆ ಹೆಚ್ಚಿದೆ.

ನಮ್ಮದೋ ಒಂಟಿ ಸಿಲಿಂಡರು, ಹೋಲಿಸಲು ಪಕ್ಕದವನಿಲ್ಲ. "ಹಾಗಾದರೆ ನಿನ್ನೆಯ ಜೊತೆ ಹೋಲಿಸಿ ಸಾರ್" ಅಂದ. ಹೊಗೆಕೊಳವೆಯಲ್ಲಿ ಒಂದು ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಅದೇ ಹೊರೆಯಲ್ಲಿ ದಿನವೂ ಇನ್‌ಫ್ರಾರೆಡ್ ಗನ್ ಹಿಡಿದೆವು. ಕೊಳವೆಯ ಮೈ ಒಳಗಿನ ಹೊಗೆಗಿಂತ ತಣ್ಣಗೇ ತೋರಿಸುತ್ತದೆ ನಿಜ, ಆದರೆ ನಮಗೆ ಬೇಕಾದದ್ದು ವ್ಯತ್ಯಾಸ. ಮೂರು ದಿನವೂ ಏರಿತು. ನಾಝಲ್ ಬಿಚ್ಚಿದರೆ ತುದಿಯೆಲ್ಲ ಇದ್ದಿಲು!

ಹೊಸದು ಹಾಕಿದ ಸಂಜೆ ಹೊಗೆ ತಿಳಿಯಾಯಿತು, ಕೊಳವೆಯೂ ತಣ್ಣಗಾಯಿತು, ಕೊನೆಯ ಮಡಿಯವರೆಗೂ ನೀರು ಹರಿಯಿತು. ಆ ಅಂಕಿಗಳು ಮೋಟರ್ ಮನೆಯ ಗೋಡೆಯ ಮೇಲೆ ಇನ್ನೂ ಇವೆ, ತಮಿಳು ಓದುವ ಮೊಮ್ಮಗಳು ಈಗ ಅದರ ಕೆಳಗೇ ಬರೆಯುತ್ತಾಳೆ.