ಗ್ರಾನೋಲಾ ಆರುವ ಹೊತ್ತು

ಗ್ರಾನೋಲಾ ಮಾಡುವವರಲ್ಲಿ ಎರಡು ಪಕ್ಷ. ಉದುರುದುರಾಗಿದ್ದರೆ ಸಾಕು ಎನ್ನುವವರು ಒಂದು ಕಡೆ, ಹೆಂಟೆ ಹೆಂಟೆಯಾಗಿ ಕಟ್ಟಿಕೊಳ್ಳಬೇಕು ಎನ್ನುವವರು ಇನ್ನೊಂದು ಕಡೆ. ನಾನು ಹೆಂಟೆಯ ಪಕ್ಷ. ಮೊಸರಿಗೆ ಹಾಕಿದ ಮೇಲೂ ಎರಡು ನಿಮಿಷ ಕರಗದೆ, ಹಲ್ಲಿಗೆ ಸಿಕ್ಕಾಗ ಕಟುಂ ಎನ್ನಬೇಕು.

ಸಾಮಾನೇನೂ ದೊಡ್ಡದಿಲ್ಲ. ಮೂರು ಲೋಟ ದಪ್ಪ ಓಟ್ಸ್; ಎರಡು ನಿಮಿಷದಲ್ಲಿ ಬೇಯುವ ತೆಳ್ಳನೆಯದು ಬೇಡ, ಅದು ಕಲಸುವಾಗಲೇ ಹಿಟ್ಟಾಗುತ್ತದೆ. ಒಂದು ಲೋಟ ಗೋಡಂಬಿ, ಬಾದಾಮಿ, ಕಡಲೆಕಾಯಿ ಬೀಜ. ಒಂದು ಹಿಡಿ ಸಿಹಿಗುಂಬಳದ ಬೀಜ, ಅರ್ಧ ಹಿಡಿ ಎಳ್ಳು, ತಿಪಟೂರು ಕೊಬ್ಬರಿಯ ತೆಳು ಹೋಳು. ಕೊಬ್ಬರಿ ಎಣ್ಣೆ ಮೂರನೇ ಒಂದು ಲೋಟ, ಬೆಲ್ಲದ ಪಾಕವೂ ಅಷ್ಟೇ. ಅರ್ಧ ಚಮಚ ಉಪ್ಪು. ಉಪ್ಪು ಮರೆತ ಗ್ರಾನೋಲಾ ಬರೀ ಸಿಹಿ, ಅದಕ್ಕೆ ರುಚಿಯಿಲ್ಲ.

ಇಷ್ಟು ಕಡಿಮೆ ಸಾಮಾನಿನಲ್ಲಿ ಯಾವುದೂ ಇನ್ನೊಂದರ ಹಿಂದೆ ಅಡಗಿಕೊಳ್ಳಲಾರದು. ಒಂದೇ ಒಂದು ಕಮಟು ಕಡಲೆಬೀಜ ಇಡೀ ತಟ್ಟೆಯ ಮಾನ ಕಳೆಯುತ್ತದೆ. ಅದಕ್ಕೇ ಅಂಗಡಿಯಲ್ಲಿ ಬಾಯಿಗೆ ಹಾಕಿ ನೋಡದೆ ನಾನು ಬೀಜ ಕೊಳ್ಳುವುದಿಲ್ಲ. ಅಂಗಡಿಯವರ ಮುಖ ಸಣ್ಣಗಾದರೂ ಸರಿ. ಬೆಲ್ಲವೂ ಹಾಗೆಯೇ. ಚಿನ್ನದ ಬಣ್ಣದ್ದಕ್ಕಿಂತ ಕಪ್ಪು ಕಂದಿನದೇ ನನಗೆ ಮೆಚ್ಚು. ಸ್ವಲ್ಪ ನೀರಿನಲ್ಲಿ ಕರಗಿಸಿ, ಸೋಸಿ, ಎಳೆ ಬರುವವರೆಗೆ ಕಾಯಿಸಬೇಕು. ಪಾಕ ನೀರಾಗಿದ್ದರೆ ಓಟ್ಸ್ ಅದನ್ನು ಹೀರಿ ಮೆತ್ತಗಾಗುತ್ತದೆ. ಜೇನುತುಪ್ಪವನ್ನೂ ಹಾಕಬಹುದು, ಆದರೆ ಅದು ಬೇಗ ಕೆಂಪಾಗುತ್ತದೆ, ಕಣ್ಣು ಕೀಳುವಂತಿಲ್ಲ.

ನಮ್ಮ ಮನೆಗಳಲ್ಲಿ ಚಟ್ನಿಪುಡಿಗೋ ಎಳ್ಳಿಗೋ ಒಂದೊಂದನ್ನೂ ಬೇರೆ ಬೇರೆ ಹುರಿಯುತ್ತಾರೆ. ಎಳ್ಳು ನಿಮಿಷದಲ್ಲಿ ಸಿಡಿಯುತ್ತದೆ, ಕಡಲೆಬೀಜಕ್ಕೆ ಅವಸರವಿಲ್ಲ. ಒಲೆಯ ಮುಂದೆ ನಿಂತು ಕಲಿತ ಈ ಶಿಸ್ತು ಓವನ್‌ಗೆ ಬಂದರೆ ತಲೆಕೆಳಗು, ಏಕೆಂದರೆ ಇಲ್ಲಿ ಎಲ್ಲವೂ ಒಂದೇ ತಟ್ಟೆಯಲ್ಲಿ. ಹಾಗಾಗಿ ಎಲ್ಲರಿಗೂ ಒಗ್ಗುವ ಸಣ್ಣ ಶಾಖ, 150 ಡಿಗ್ರಿ ಸೆಲ್ಸಿಯಸ್. ಸುಮಾರು 35 ನಿಮಿಷ. ಬಾದಾಮಿಯನ್ನು ಹೆಚ್ಚಿಯೇ ಹಾಕಬೇಕು. ನಡುವೆ ಒಮ್ಮೆ ಅಂಚಿನದನ್ನು ಒಳಕ್ಕೆ, ಒಳಗಿನದನ್ನು ಅಂಚಿಗೆ ಸರಿಸಿ, ಚಪ್ಪಟೆ ಸೌಟಿನಿಂದ ಮತ್ತೆ ಒತ್ತಿಬಿಡಬೇಕು. ಗಡಿಯಾರಕ್ಕಿಂತ ಮೂಗನ್ನು ನಂಬುವುದು ಮೇಲು: ಕೊಬ್ಬರಿಯ ಘಮ ಅಡುಗೆಮನೆ ದಾಟಿ ಹೊರಗೆ ಬಂತೆಂದರೆ ಎದ್ದು ಹೋಗಿ ನೋಡಬೇಕು. ವಿಜಯಪುರದ ಒಣದ್ರಾಕ್ಷಿ ಬೀಳುವುದು ಕೊನೆಗೆ, ಓವನ್‌ನಿಂದ ತೆಗೆದ ಮೇಲೆ. ಮೊದಲೇ ಹಾಕಿದರೆ ಕಲ್ಲಾಗುತ್ತದೆ.

ಅಸಲು ವಿದ್ಯೆ ಇರುವುದು ಇದಾದ ಮೇಲೆ. ಹೊರಗೆ ತೆಗೆದ ತಟ್ಟೆಯನ್ನು ಮುಟ್ಟಿದರೆ ಇನ್ನೂ ಮೆತ್ತಗೇ ಇರುತ್ತದೆ. ಹೊಸಬರು ಗಾಬರಿಯಾಗಿ ಮತ್ತೆ ಒಳಗೆ ತಳ್ಳುತ್ತಾರೆ, ಕರಟಿಸುತ್ತಾರೆ. ಗರಿಗರಿಯಾಗುವುದು ಬೇಯುವಾಗಲ್ಲ, ಆರುವಾಗ. ನೀರು ಬಿಟ್ಟುಕೊಟ್ಟ ಪಾಕ ಬಿಸಿಯಲ್ಲಿ ಅಂಟಾಗಿರುತ್ತದೆ. ತಣಿಯುತ್ತ ಚಿಕ್ಕಿಯಂತೆ ಬಿರುಸಾಗಿ ಕಾಳುಗಳನ್ನು ಹಿಡಿದಿಡುತ್ತದೆ. ಆ ಒಂದು ಗಂಟೆ ಕದಡಿದರೆ ಹೆಂಟೆ ಹೋಯಿತು. ಕೈಕಟ್ಟಿ ಕೂರುವುದೂ ಅಡುಗೆಯ ಭಾಗ ಎಂದು ಒಪ್ಪಿಕೊಳ್ಳುವುದು ನನ್ನಂಥ ಕೈಚಪಲದವರಿಗೆ ಸುಲಭವಲ್ಲ. ನಾನು ಬೇಕೆಂದೇ ಹೊರಗೆ ತರಕಾರಿ ತರಲು ಹೋಗುತ್ತೇನೆ.

ಗ್ರಾನೋಲಾದ ಮೂಲಪುರುಷರಿಗೆ ಈ ಗರಿಗರಿಯ ಸುಖ ಇರಲಿಲ್ಲ. 1863ರಲ್ಲಿ ನ್ಯೂಯಾರ್ಕ್ ರಾಜ್ಯದ ಡ್ಯಾನ್ಸ್‌ವಿಲ್‌ನ ಜಲಚಿಕಿತ್ಸಾಲಯದಲ್ಲಿ ಜೇಮ್ಸ್ ಕ್ಯಾಲೆಬ್ ಜಾಕ್ಸನ್ ಇಡಿಗೋಧಿ ಹಿಟ್ಟಿನ ಹಾಳೆ ಬೇಯಿಸಿ, ಒಡೆದು, ಮತ್ತೆ ಬೇಯಿಸಿದ. ರಾತ್ರಿಯೇ ನೆನೆಹಾಕದಿದ್ದರೆ ಅದು ಹಲ್ಲಿಗೆ ಬಗ್ಗುತ್ತಿರಲಿಲ್ಲವಂತೆ. ಆಮೇಲೆ ಬ್ಯಾಟಲ್ ಕ್ರೀಕ್‌ನಲ್ಲಿ ಜಾನ್ ಹಾರ್ವೆ ಕೆಲಾಗ್ ತನ್ನದೊಂದು ಬಗೆ ಮಾಡಿದ. ಇಬ್ಬರಿಗೂ ಬೇಕಿದ್ದದ್ದು ರೋಗಿಯ ಹೊಟ್ಟೆ, ನಾಲಿಗೆಯಲ್ಲ. ಎಣ್ಣೆ, ಜೇನು, ಬೀಜ ಸೇರಿ ಇದು ತಿನ್ನುವಂತಾದದ್ದು ಸುಮಾರು ನೂರು ವರ್ಷದ ನಂತರ, 1960ರ ದಶಕದ ಹಿಪ್ಪಿಗಳ ಕೈಯಲ್ಲಿ. ಅವರ ಉಳಿದ ವಿಚಾರಗಳ ಬಗ್ಗೆ ಏನೇ ಅನ್ನಿ, ಈ ಒಂದಕ್ಕೆ ನನ್ನ ನಮಸ್ಕಾರ.

ಪೂರ್ತಿ ತಣಿದ ಮೇಲೆ ಗಾಜಿನ ಭರಣಿಗೆ. ಮಳೆಗಾಲದಲ್ಲಿ ಮೆತ್ತಗಾದರೆ ಐದು ನಿಮಿಷ ಬಿಸಿ ತೋರಿಸಿದರೆ ಸಾಕು. ಚಾಕೊಲೇಟ್ ಚೂರು ಯಾಕೆ ಹಾಕುವುದಿಲ್ಲ ಎಂದು ಮನೆಯ ಮಕ್ಕಳು ಕೇಳುತ್ತಿರುತ್ತಾರೆ. ಅವರ ಪಾಲಿನ ಬಟ್ಟಲಿಗೆ ಅವರೇ ಹಾಕಿಕೊಳ್ಳಲಿ. ಭರಣಿಗೆ ಕೈ ಹಾಕಕೂಡದು.