ಅಮ್ಮಿಗೂ ಕರಡಿ ನೋಡಬೇಕಿತ್ತು

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇರಬಹುದು. ಪ್ರವಾಸದ ಮಾತು ಬಂದ ಕೂಡಲೇ "ನೀವೆಲ್ಲ ಹೋಗಿ ಬನ್ನಿ, ನಾನು ಮನೆ ನೋಡಿಕೊಳ್ತೇನೆ" ಎನ್ನುವವರು. ನಾವು ಎರಡು ಬಾರಿ ಒತ್ತಾಯ ಮಾಡುತ್ತೇವೆ. ಮೂರನೆಯ ಸಲಕ್ಕೆ "ಪಾಪ, ಅವರಿಗೂ ವಿಶ್ರಾಂತಿ ಬೇಕಲ್ಲ" ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡು ಕಾರು ಹತ್ತಿಬಿಡುತ್ತೇವೆ.

ನಮ್ಮ ಮನೆಯಲ್ಲಿ ಆ ಮಾತು ಹೇಳುವವರು ನನ್ನ ಅಮ್ಮಿ. ವಯಸ್ಸು ಅರವತ್ತೆಂಟು. ಎರಡೂ ಮೊಣಕಾಲು ಸವೆದಿವೆ, ಜೊತೆಗೆ ಸಕ್ಕರೆ ಕಾಯಿಲೆ. ಕೋಲು ಹಿಡಿದು ನೂರು ಹೆಜ್ಜೆ ನಡೆಯುತ್ತಾರೆ, ಆಮೇಲೆ ಕೂರಲೇಬೇಕು. ಹುಟ್ಟಿದ್ದು ಕಂಪ್ಲಿಯಲ್ಲಿ, ಮದುವೆಯಾಗಿ ಬಂದದ್ದು ಹೊಸಪೇಟೆಗೆ. ಹಂಪಿಗೆ ನಮ್ಮ ಮನೆಯಿಂದ ಹನ್ನೆರಡು ಹದಿಮೂರು ಕಿಲೋಮೀಟರ್ ಅಷ್ಟೇ. ಪ್ರಪಂಚದ ಎಲ್ಲೆಲ್ಲಿಂದಲೋ ಜನ ವಿಮಾನ ಹತ್ತಿ ಹಂಪಿಗೆ ಬರುತ್ತಾರೆ. ಅಮ್ಮಿ ಅದನ್ನು ನೋಡಿದ್ದು ಹುಡುಗಿಯಾಗಿದ್ದಾಗ ಒಮ್ಮೆ, ಮದುವೆಯಾದ ಮೇಲೆ ಒಮ್ಮೆ.

ಮೂರನೆಯ ಸಲ ಕರೆದುಕೊಂಡು ಹೋದವಳು ನಾನೇ. ಆ ದಿನದ ಬಗ್ಗೆ ಹೇಳಲು ಈಗಲೂ ನಾಚಿಕೆಯಾಗುತ್ತದೆ.

ತಂಗಿ ಮಕ್ಕಳೊಂದಿಗೆ ಮಂಗಳೂರಿನಿಂದ ಬಂದಿದ್ದಳು. ಭಾನುವಾರ, ರಜೆಯ ದಿನ. "ವಿಠ್ಠಲ ದೇವಸ್ಥಾನದವರೆಗೆ ಬ್ಯಾಟರಿ ಗಾಡಿ ಇದೆ, ನಡೆಯಬೇಕಾಗಿಯೇ ಇಲ್ಲ" ಎಂದು ಅಮ್ಮಿಯನ್ನು ಒಪ್ಪಿಸಿದೆವು. ಗಾಡಿ ಇರುವುದು ನಿಜ. ವಾಹನ ನಿಲ್ಲಿಸುವ ಜಾಗದಿಂದ ದೇವಸ್ಥಾನಕ್ಕೆ ಸುಮಾರು ಒಂದು ಕಿಲೋಮೀಟರ್, ಆ ದೂರಕ್ಕೆ ಗಾಡಿ ಓಡುತ್ತದೆ. ಆದರೆ ಗಾಡಿ ಹತ್ತಲು ಬಿಸಿಲಿನಲ್ಲಿ ಸಾಲು ನಿಲ್ಲಬೇಕಲ್ಲ, ಅದನ್ನು ನಾವು ಯೋಚಿಸಿರಲಿಲ್ಲ. ಇಳಿದ ಮೇಲೆ ಎತ್ತರದ ಕಲ್ಲಿನ ಹೊಸ್ತಿಲು, ಒಳಗೆ ಏರುತಗ್ಗಿನ ಹಾಸುಗಲ್ಲು. ಐವತ್ತು ರೂಪಾಯಿ ನೋಟಿನ ಮೇಲೆ ಇರುವ ಕಲ್ಲಿನ ರಥ ಕಣ್ಣೆದುರಿಗೇ ಇತ್ತು. ಮಕ್ಕಳು ಓಡಿದರು. ಅಮ್ಮಿ ಅಂಗಳದ ಹಳೆಯ ದೇವಕಣಗಿಲೆ ಮರದ ಹತ್ತಿರ ಕುಳಿತು "ನೀವು ನೋಡಿಕೊಂಡು ಬನ್ನಿ" ಎಂದರು. ನಾವು ಹೋದೆವು. ಫೋಟೋ ತೆಗೆದೆವು. ಮುಕ್ಕಾಲು ಗಂಟೆಯಾಯಿತು.

ವಾಪಸು ಬಂದು ನೋಡಿದರೆ ಅಮ್ಮಿಯ ಮುಖ ಬಿಳುಚಿಕೊಂಡಿತ್ತು, ತಲೆ ಸುತ್ತುತ್ತಿತ್ತು. ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ಕೂಡ ತೆರೆದಿರಲಿಲ್ಲ. ಬೆಳಗ್ಗೆ ಮನೆ ಬಿಟ್ಟಾಗಿನಿಂದ ಅವರು ಒಂದು ಗುಟುಕು ನೀರು ಕುಡಿದಿರಲಿಲ್ಲ. ಯಾಕೆ ಎಂದು ಕೇಳಿದರೆ ಉತ್ತರ ಹೇಳದೆ ಮಕ್ಕಳ ಕಡೆ ನೋಡಿದರು. ರಾತ್ರಿ ಕಾಲು ಒತ್ತುತ್ತಿದ್ದಾಗ ಮೆಲ್ಲಗೆ ಹೇಳಿದರು, "ನೀರು ಕುಡಿದರೆ ಹೋಗಬೇಕಾಗ್ತದಲ್ಲ ಬೇಟಿ. ಶೌಚಾಲಯ ಎಲ್ಲಿದೆಯೋ, ಎಷ್ಟು ದೂರವೋ, ಕೆಳಗೆ ಕೂರುವುದಾದರೆ ಏಳಿಸುವವರು ಯಾರು?"

ಸಹೋದರಿಯರೇ, ಸಕ್ಕರೆ ಕಾಯಿಲೆಯವರು ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಅರ್ಧ ದಿನ ನೀರಿಲ್ಲದೆ ಇದ್ದರೆ ಏನಾಗಬಹುದೆಂದು ನಿಮಗೆ ಹೇಳಬೇಕಾಗಿಲ್ಲ. ಅಲ್ಲಾಹನ ದಯೆ, ಏನೂ ಆಗಲಿಲ್ಲ. ಆದರೆ ಅಲ್ಲಿಂದ ಎರಡು ವರ್ಷ ಅಮ್ಮಿ ಮದುವೆ ಮನೆಗೂ ಹೋಗಲು ಒಪ್ಪಲಿಲ್ಲ.

ಅವರು ತಾವಾಗಿಯೇ ಬಾಯಿಬಿಟ್ಟದ್ದು ಕರಡಿಯ ವಿಷಯ ಬಂದಾಗ. ಮಗನ ಶಾಲೆಯಿಂದ ಮಕ್ಕಳನ್ನು ದರೋಜಿ ಕರಡಿಧಾಮಕ್ಕೆ ಕರೆದೊಯ್ದಿದ್ದರು. ಅವನು ಬಂದು ವರ್ಣಿಸುತ್ತಿದ್ದರೆ ಅಮ್ಮಿ ತಸ್ಬೀಹ್ ಕೆಳಗಿಟ್ಟು ಕೇಳುತ್ತಿದ್ದರು. ಅವರ ಅಬ್ಬಾ ಸಂಡೂರು ಸಂತೆಗೆ ಬಟ್ಟೆ ಮಾರಲು ಹೋಗಿ ಬಂದು ಗುಡ್ಡದ ದಾರಿಯಲ್ಲಿ ಕಂಡ ಕರಡಿಗಳ ಕತೆ ಹೇಳುತ್ತಿದ್ದರಂತೆ. ಅಮ್ಮಿ ಮಾತ್ರ ಕಂಡದ್ದು ಕಂಪ್ಲಿಯ ಬೀದಿಗೆ ಬರುತ್ತಿದ್ದ ಖಲಂದರರ ಕರಡಿಯನ್ನು. ಮೂಗಿಗೆ ಹಗ್ಗ ಪೋಣಿಸಿದ, ಡಮರುಗದ ಸದ್ದಿಗೆ ಕುಣಿಯುವ ಕರಡಿ. ಹೆದರುಪುಕ್ಕಲು ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸುತ್ತಿದ್ದರು, ಕೂದಲು ಕಿತ್ತು ತಾಯಿತ ಮಾಡಿ ಕೊಡುತ್ತಿದ್ದರು. "ಆ ಹಗ್ಗ ಎಳೆದಾಗ ಅದು ಒಂದು ಸದ್ದು ಮಾಡ್ತಿತ್ತು. ಅದು ಇನ್ನೂ ಕಿವಿಯಲ್ಲಿದೆ. ಹಗ್ಗ ಇಲ್ಲದ ಕರಡಿ ನೋಡಬೇಕಿತ್ತು ನೋಡು" ಎಂದರು.

ಆ ಆಟ ಈಗಿಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ. ಆದರೂ ಹೊಟ್ಟೆಪಾಡಿಗೆ ಬೇರೆ ದಾರಿಯಿಲ್ಲದ ಖಲಂದರ ಕುಟುಂಬಗಳು ಬಹಳ ಕಾಲ ಅದನ್ನೇ ನಂಬಿಕೊಂಡಿದ್ದವು. ಅವರಿಗೆ ಬೇರೆ ಉದ್ಯೋಗ ಮಾಡಿಕೊಟ್ಟು, ಮಕ್ಕಳನ್ನು ಶಾಲೆಗೆ ಸೇರಿಸಿ ಕರಡಿಗಳನ್ನು ಬಿಡಿಸಿಕೊಂಡರು. ಕೊನೆಯ ಕುಣಿಯುವ ಕರಡಿ 2009ರಲ್ಲಿ ನಮ್ಮದೇ ರಾಜ್ಯದ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರ ಸೇರಿತು. ಇದನ್ನು ಓದಿ ಹೇಳಿದಾಗ ಅಮ್ಮಿ ಕೇಳಿದ್ದು ಕರಡಿಯ ಬಗ್ಗೆ ಅಲ್ಲ, "ಆ ಮನೆಯವರು ಈಗ ಏನು ತಿಂತಾರೆ?" ಎಂದು.

ಸರಿ, ದರೋಜಿಗೆ ಹೋಗುವುದೇ ಎಂದು ನಿಶ್ಚಯಿಸಿದೆ. ಬಂಡೀಪುರ, ನಾಗರಹೊಳೆಯಂತೆ ಇದು ರಾಷ್ಟ್ರೀಯ ಉದ್ಯಾನವಲ್ಲ, ಕರಡಿಗಳಿಗಾಗಿಯೇ 1994ರಲ್ಲಿ ಘೋಷಿಸಿದ ವನ್ಯಧಾಮ. ಆಮೇಲೆ ವಿಸ್ತರಿಸಿ ಈಗ ಸುಮಾರು 82 ಚದರ ಕಿಲೋಮೀಟರ್ ಇದೆ. ಕಮಲಾಪುರ ದಾಟಿ ಕಂಪ್ಲಿ ರಸ್ತೆ ಹಿಡಿಯಬೇಕು. ಕಾಲಿನ ತೊಂದರೆ ಇದ್ದವರಿಗೆ ಇಲ್ಲಿನ ದೊಡ್ಡ ಅನುಕೂಲವೆಂದರೆ ಕಾಡಿನಲ್ಲಿ ನಡೆಯುವುದಕ್ಕೆ ಬಿಡುವುದೇ ಇಲ್ಲ! ಎಲ್ಲರೂ ಒಂದೇ ವೀಕ್ಷಣಾ ಗೋಪುರದಲ್ಲಿ ಕುಳಿತು ಎದುರಿನ ಬಂಡೆಗುಡ್ಡವನ್ನು ನೋಡಬೇಕು. ಅವಸರದವರಿಗೆ ಬೇಸರ ತರಿಸುವ ಈ ಕೆಲಸ ಅಮ್ಮಿಗೆ ಹೇಳಿ ಮಾಡಿಸಿದ್ದು.

ಈ ಬಾರಿ ನಾನು ಮಾಡಿದ ಮೊದಲ ಕೆಲಸವೆಂದರೆ ಅಮ್ಮಿಯಿಲ್ಲದೆ ಒಮ್ಮೆ ಹೋಗಿ ಬಂದದ್ದು. ಮನೆಯವರು ನಕ್ಕರು. ನಗಲಿ. ಕಾರು ಎಲ್ಲಿಯವರೆಗೆ ಹೋಗುತ್ತದೆ, ಅಲ್ಲಿಂದ ಗೋಪುರಕ್ಕೆ ಎಷ್ಟು ಹೆಜ್ಜೆ, ಎಷ್ಟು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಯಾವ ಬದಿಗಿದೆ, ಎಲ್ಲವನ್ನೂ ಎಣಿಸಿ ಬರೆದುಕೊಂಡೆ. ಅಮ್ಮಿಯ ಎಡಗಾಲು ಹೆಚ್ಚು ನೋಯುವುದು, ಆದ್ದರಿಂದ ಕಂಬಿಯ ಬದಿ ಮುಖ್ಯ. "ಹತ್ತಿರವೇ ಇದೆ" ಎಂದು ಹೇಳುವವರ ಮಾತನ್ನು ಎಂದೂ ನಂಬಬೇಡಿ. ಆರೋಗ್ಯವಂತರಿಗೆ ಎಲ್ಲವೂ ಹತ್ತಿರವೇ. ಶೌಚಾಲಯವನ್ನು ಒಳಗೆ ಹೋಗಿಯೇ ನೋಡಬೇಕು. ಬೋರ್ಡ್ ಇದ್ದರೆ ಸಾಲದು, ಕೂರುವ ಕಮೋಡ್ ಇದೆಯೇ, ನೀರು ಬರುತ್ತದೆಯೇ, ಚಿಲಕ ಬೀಳುತ್ತದೆಯೇ ನೋಡಿ. ಕಮೋಡ್ ವಿಷಯದಲ್ಲಿ ಯಾರನ್ನೂ ನಂಬುವ ಧೈರ್ಯ ನನಗೆ ಉಳಿದಿರಲಿಲ್ಲ. ವೈದ್ಯಕೀಯ ಸಾಮಾನಿನ ಅಂಗಡಿಯಲ್ಲಿ ಸಿಗುವ ಮಡಚುವ ಕಮೋಡ್ ಕುರ್ಚಿಯೊಂದನ್ನು ತಂದು ಕಾರಿನ ಡಿಕ್ಕಿಗೆ ಹಾಕಿದೆ. ಅದಕ್ಕೆ ಸುತ್ತಲು ಎರಡು ಹಳೆಯ ಚಾದರ. ಕೆಲವರಿಗೆ ಇದು ಅತಿಯೆನಿಸಬಹುದು. ಆದರೆ ಅದನ್ನು ಡಿಕ್ಕಿಯಲ್ಲಿ ಕಂಡ ಮೇಲೆಯೇ ಅಮ್ಮಿ "ಬರ್ತೇನೆ" ಎಂದದ್ದು.

ಇನ್ನು ಸಮಯ. ಕರಡಿಗಳು ಹೊರಬರುವುದು ಬಿಸಿಲು ಇಳಿದ ಮೇಲೆ. ಪ್ರವಾಸಿಗರನ್ನು ಒಳಗೆ ಬಿಡುವುದೂ ಮಧ್ಯಾಹ್ನದ ನಂತರ, ಸಂಜೆ ಆರರೊಳಗೆ ಹೊರಗೆ ಬರಬೇಕು. ಆದ್ದರಿಂದ ಅಂದು ಬೆಳಗ್ಗೆ ಹಂಪಿ, ಮಧ್ಯಾಹ್ನ ಮೃಗಾಲಯ, ಸಂಜೆ ಡ್ಯಾಂ ಎಂಬ ಪಟ್ಟಿಯನ್ನೆಲ್ಲ ಕೈಬಿಟ್ಟೆ. ಝುಹರ್ ನಮಾಝ್ ಮತ್ತು ಊಟ ಮನೆಯಲ್ಲಿ, ಮಾತ್ರೆ ತೆಗೆದುಕೊಂಡು ಅರ್ಧ ಗಂಟೆ ಮಲಗಿ, ಆಮೇಲೆ ಹೊರಟದ್ದು. ಡಿಸೆಂಬರ್ ತಿಂಗಳು, ವಾರದ ನಡುವಿನ ದಿನ. ಬೇಸಿಗೆಯಲ್ಲಿ ನಮ್ಮ ಕಡೆ ಬಂಡೆಗಳೇ ಒಲೆಯಂತೆ ಕಾಯುತ್ತವೆ, ವಯಸ್ಸಾದವರನ್ನು ಕರೆದುಕೊಂಡು ಬರುವವರು ಮಾರ್ಚ್ ನಂತರ ಬರಬೇಡಿ.

ಮೆಟ್ಟಿಲ ಬಳಿ ಅಮ್ಮಿ ನಿಂತರು. ಎಷ್ಟಿವೆ ಎಂದು ಕೇಳಿದರು. ಸರಿಯಾದ ಸಂಖ್ಯೆ ಹೇಳಿದೆ. ಅವರು ಬಿಸ್ಮಿಲ್ಲಾ ಹೇಳಿ ಒಂದೊಂದಾಗಿ ಎಣಿಸುತ್ತಾ ಹತ್ತಿದರು, ನಡುವೆ ಎರಡು ಸಲ ನಿಂತರು. ನಾವು ಕೈ ಹಿಡಿಯಲು ಹೋದರೆ ಬೇಡವೆಂದರು. ನೋಯುವ ಕಾಲಿನವರಿಗೆ ದೂರಕ್ಕಿಂತ ದೂರ ಗೊತ್ತಿಲ್ಲದಿರುವುದೇ ಹೆಚ್ಚು ಹೆದರಿಕೆ ಎಂದು ನನಗೆ ಆಗ ತಿಳಿಯಿತು.

ಮೊದಲ ಒಂದು ಗಂಟೆ ನವಿಲುಗಳು ಬಿಟ್ಟರೆ ಏನೂ ಇಲ್ಲ. ಮನೆಯಿಂದ ತಂದ ಕುರ್ಚಿಯಲ್ಲಿಯೇ ಅಮ್ಮಿ ಅಸರ್ ನಮಾಝ್ ಮಾಡಿದರು. ಸಲಾಂ ಹೇಳಿ ಮುಖ ತಿರುಗಿಸಿದವರು ಹಾಗೆಯೇ ಗುಡ್ಡದ ಕಡೆ ಕೈ ತೋರಿಸಿದರು. ಬಂಡೆಯ ಸಂದಿಯಿಂದ ಒಂದು ಕಪ್ಪು ಆಕೃತಿ ತೂಗಾಡುತ್ತಾ ಇಳಿಯುತ್ತಿತ್ತು. ದುರ್ಬೀನು ಕೊಟ್ಟೆವು. "ಬೆನ್ನ ಮೇಲೆ ಏನೋ ಇದೆ" ಎಂದರು. ಮರಿ! ಈ ಕರಡಿಗಳು ಮರಿಗಳನ್ನು ತಿಂಗಳುಗಟ್ಟಲೆ ಹೀಗೆ ಬೆನ್ನ ಮೇಲೆಯೇ ಹೊತ್ತು ತಿರುಗುತ್ತವೆ ಎಂದು ಜೊತೆಗಿದ್ದ ಸಿಬ್ಬಂದಿ ಪಿಸುಗುಟ್ಟಿದರು. ಗೆದ್ದಲು, ಇರುವೆ, ಜೇನು, ಕಾಡುಹಣ್ಣು ಇವುಗಳ ಆಹಾರ. ಕಣ್ಣು ಅಷ್ಟು ಚುರುಕಲ್ಲ, ಮೂಗು ಬಹಳ ಚುರುಕು. ಅಮ್ಮಿ ದುರ್ಬೀನು ಕೆಳಗಿಳಿಸಲೇ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಸಿಬ್ಬಂದಿಯನ್ನು ಕೇಳಿದರು, "ಇದರ ಮೂಗಿನಲ್ಲಿ ತೂತು ಇಲ್ಲ ಅಲ್ವಾ?" ಆತ ಇಲ್ಲ ಎಂದ.

ನೀವು ಬರುವುದಾದರೆ ಇನ್ನೂ ಕೆಲವು ಮಾತು. ಕಮಲಾಪುರದ ಹತ್ತಿರ 2017ರಲ್ಲಿ ಆರಂಭವಾದ ಅಟಲ್ ಬಿಹಾರಿ ವಾಜಪೇಯಿ ಮೃಗಾಲಯದಲ್ಲಿ ವಾಹನದಲ್ಲಿ ಕುಳಿತೇ ಸಫಾರಿ ನೋಡಬಹುದು. ವಾರದ ರಜೆ ಯಾವತ್ತು ಎಂದು ಮೊದಲೇ ವಿಚಾರಿಸಿ. ಹಂಪಿಯಲ್ಲಿ ವಿಠ್ಠಲ ದೇವಸ್ಥಾನಕ್ಕಿಂತ ಕಮಲ ಮಹಲ್ ಮತ್ತು ಹನ್ನೊಂದು ಕೋಣೆಗಳ ಗಜಶಾಲೆಯ ಆವರಣ ಕಾಲಿಗೆ ಹಿತ, ನೆಲ ಹೆಚ್ಚು ಸಮತಟ್ಟು. ಕಮಲಾಪುರದಿಂದ ತಳವಾರಘಟ್ಟಕ್ಕೆ ಹೋಗುವ ದಾರಿಯ ಬದಿಗೆ ಅಹ್ಮದ್ ಖಾನರ ಮಸೀದಿ ಮತ್ತು ಗೋರಿ ಇವೆ, ಬಹಳ ಜನ ನೋಡದೆ ಹೋಗುತ್ತಾರೆ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ತನ್ನ ಅರಸನ ಪುಣ್ಯಕ್ಕಾಗಿ ಕಟ್ಟಿಸಿದ್ದು. ಗುಮ್ಮಟವಿಲ್ಲ, ಮಿನಾರವಿಲ್ಲ, ಮಂಟಪದಂತೆ ಕಂಬಗಳ ಮೇಲೆ ನಿಂತಿದೆ. ಶಾಸನವೂ ಅದನ್ನು ಧರ್ಮಸಾಲೆ ಎಂದೇ ಕರೆಯುತ್ತದೆ. ನಾವು ಇನ್ನೊಂದು ದಿನ ಇದಕ್ಕೆಂದೇ ಹೋಗಿ ಬಂದೆವು.

ದರೋಜಿಯಿಂದ ವಾಪಸಾಗುವಾಗ ಮಗ್ರಿಬ್ ಹತ್ತಿರವಾಗಿತ್ತು. ಕಾರಿನಲ್ಲಿ ಅಮ್ಮಿ ಬಾಟಲಿ ಕೇಳಿದರು. ಅರ್ಧ ಬಾಟಲಿ ನೀರು ಕುಡಿದು, ಬಾಯಿ ಒರೆಸಿಕೊಂಡು, ಸಂಡೂರಿನ ಗುಡ್ಡಗಳು ಮಳೆಗಾಲ ಮುಗಿದಾಗ ಹಸಿರಾಗಿರುತ್ತವಂತೆ, ನಾರಿಹಳ್ಳದ ಅಣೆಕಟ್ಟೆ ಕಾರಿನಿಂದಲೇ ಕಾಣುತ್ತದಾ ಎಂದು ಕೇಳಿದರು.

ಗೊತ್ತಿಲ್ಲ, ಮೊದಲು ನಾನು ಹೋಗಿ ನೋಡಿ ಬರುತ್ತೇನೆ ಎಂದೆ.